ಕೌಟುಂಬಿಕ ದೌರ್ಜನ್ಯ: ‘ಸಹಿಸಿಕೋ’ ಎನ್ನುವ ಮುನ್ನ

ಪ್ರತಿ ವರ್ಷ ನವೆಂಬರ್ 25ರಿಂದ ಡಿಸೆಂಬರ್ 10ರ ವರೆಗೆ ಮಹಿಳೆಯರ ಮೇಲಿನ ದೌರ್ಜನ್ಯದ ವಿರುದ್ಧ 16 ದಿನಗಳ ಜಾಗೃತಿ ಅಭಿಯಾನ ನಡೆಯುತ್ತದೆ. ಚರ್ಚ್ ಸಭಾಂಗಣಗಳಲ್ಲಿ ಸ್ತ್ರೀ ಸಂಘಟನೆಯವರು ವಕೀಲರನ್ನು ಕರೆಸಿ ಮಾಹಿತಿ ಕೊಡಿಸುವುದು ಒಳ್ಳೆಯ ಕೆಲಸವೇ. ಆದರೆ ಪೆಟ್ಟು ತಿಂದ ಹೆಣ್ಣುಮಗಳು ಸಭೆಯಲ್ಲಿ ಎದ್ದು ನಿಂತು ಪ್ರಶ್ನೆ ಕೇಳುವವಳಲ್ಲ. ಆಕೆ ಬಾಯಿಬಿಡುವುದಾದರೆ ವಾರ್ಡಿನ ಗುರಿಕಾರರ ಮನೆಯಲ್ಲಿ, ಧರ್ಮಭಗಿನಿಯರ ಕಾನ್ವೆಂಟಿನಲ್ಲಿ, ಇಲ್ಲವೇ ಪಾಪನಿವೇದನೆಯಲ್ಲಿ. ಅಲ್ಲಿ ಆಕೆ ಕೇಳುವ ಮೊದಲ ಮಾತು ಯಾವುದು?

‘ಸ್ವಲ್ಪ ಸಹಿಸಿಕೋ ಬಾಯಿ, ಮಕ್ಕಳ ಮುಖ ನೋಡು, ಇದು ನಿನ್ನ ಶಿಲುಬೆ.’ ಹೇಳುವವರ ಮನಸ್ಸು ಕೆಟ್ಟದ್ದಲ್ಲ, ಸಂಸಾರ ಒಡೆಯಬಾರದೆಂಬ ಕಾಳಜಿ. ಆದರೆ ಧರ್ಮಸಭೆಯ ಕಾನೂನು ಹಾಗೆ ಹೇಳುವುದಿಲ್ಲ. ಕ್ಯಾನನ್ ಕಾನೂನಿನ 1153ನೇ ವಿಧಿಯ ಪ್ರಕಾರ ಸಂಗಾತಿಯಿಂದ ತನಗೋ ಮಕ್ಕಳಿಗೋ ಗಂಭೀರ ಅಪಾಯವಿದ್ದರೆ ಪ್ರತ್ಯೇಕ ವಾಸಕ್ಕೆ ನ್ಯಾಯವಾದ ಕಾರಣವಿದೆ. ಇದಕ್ಕೆ ಬಿಷಪರ ಅಪ್ಪಣೆ ಬೇಕು, ತಡಮಾಡಿದರೆ ಅಪಾಯವೆಂದಾದರೆ ಅದಕ್ಕೂ ಕಾಯಬೇಕಾಗಿಲ್ಲ. ವಿವಾಹ ಬಂಧನ ಇದರಿಂದ ಕಡಿಯುವುದಿಲ್ಲ. ಕಾರಣ ನಿವಾರಣೆಯಾದ ಮೇಲೆ ಸಾಮಾನ್ಯವಾಗಿ ಮತ್ತೆ ಕೂಡಿ ಬಾಳಬೇಕೆಂದೂ ಅದೇ ವಿಧಿ ಹೇಳುತ್ತದೆ. ಆದರೆ ರಾಜಿ ಪಂಚಾಯಿತಿಗೆ ಅವಸರಪಡುವವರು ಈ ಕ್ರಮವನ್ನೇ ತಿರುಗಿಸಿಬಿಡುತ್ತಾರೆ. ಕೆಲವು ಸಂದರ್ಭಗಳಲ್ಲಿ ಬೇರೆಯಾಗುವುದು ನೈತಿಕವಾಗಿಯೂ ಅಗತ್ಯವಾದೀತು ಎಂದು ಪೋಪ್ ಫ್ರಾನ್ಸಿಸ್ 2016ರ ‘ಅಮೋರಿಸ್ ಲೆತೀತ್ಸಿಯಾ’ದಲ್ಲಿ ಬರೆದಿದ್ದಾರೆ.

ಇದು ಬೇರೆಯವರ ಮನೆಯ ಕಥೆ ಎನ್ನುವಂತಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 18ರಿಂದ 49 ವರ್ಷದ ವಿವಾಹಿತ ಮಹಿಳೆಯರಲ್ಲಿ ಶೇ. 44ರಷ್ಟು ಮಂದಿ ಗಂಡನಿಂದ ಹಿಂಸೆ ಅನುಭವಿಸಿದ್ದಾಗಿ ತಿಳಿಸಿದ್ದಾರೆ.

ಕೇಸು ಹಾಕಿದರೆ ಗಂಡ ಜೈಲಿಗೆ ಹೋಗುತ್ತಾನೆ ಎಂಬ ಹೆದರಿಕೆಯಿಂದ ಸುಮ್ಮನಿರುವವರಿದ್ದಾರೆ. 2006ರ ಅಕ್ಟೋಬರ್ 26ರಂದು ಜಾರಿಗೆ ಬಂದ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ಮುಖ್ಯವಾಗಿ ಕೊಡುವುದು ರಕ್ಷಣೆಯ ಆದೇಶ, ಜೀವನಾಂಶ ಮತ್ತು ಮನೆ ತನ್ನ ಹೆಸರಿನಲ್ಲಿ ಇಲ್ಲದಿದ್ದರೂ ಅಲ್ಲಿ ವಾಸಿಸುವ ಹಕ್ಕು. ರಕ್ಷಣೆಯ ಆದೇಶ ಮೀರಿದರೆ ಮಾತ್ರ ಈ ಕಾಯ್ದೆಯಡಿ ಶಿಕ್ಷೆ. ಹೆಂಡತಿಗಷ್ಟೇ ಅಲ್ಲ, ಮಗನಿಂದ ಹಿಂಸೆ ಪಡುವ ತಾಯಿಗೂ ಇದು ಅನ್ವಯಿಸುತ್ತದೆ. ನಮ್ಮ ರಾಜ್ಯದಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳೇ ಸಂರಕ್ಷಣಾಧಿಕಾರಿಗಳು. ನೆರೆಮನೆಯವರೂ ಅವರಿಗೆ ತಿಳಿಸಬಹುದು, ಸದುದ್ದೇಶದಿಂದ ತಿಳಿಸಿದವರ ಮೇಲೆ ಹೊಣೆ ಬರುವುದಿಲ್ಲ.

ಪಾಪನಿವೇದನೆಯಲ್ಲಿ ಕೇಳಿದ್ದನ್ನು ಧರ್ಮಗುರುಗಳು ಹೊರಗೆ ಆಡುವಂತಿಲ್ಲ. ಆದರೆ ಮಹಿಳಾ ಸಹಾಯವಾಣಿ 181ರ ಸಂಖ್ಯೆಯನ್ನು ಅಲ್ಲೇ ಆಕೆಗೆ ಹೇಳಬಹುದು. ಗುರಿಕಾರರಾದರೆ ಗಂಡನನ್ನು ಕರೆಸುವ ಮೊದಲು, ಈ ರಾತ್ರಿ ನೀನೂ ಮಕ್ಕಳೂ ಎಲ್ಲಿ ಮಲಗುತ್ತೀರಿ ಎಂದು ಕೇಳಲಿ. ಆ ಸಂಖ್ಯೆಯನ್ನು ಚರ್ಚಿನ ಸೂಚನಾ ಫಲಕದಲ್ಲಿ ಹಾಕುವುದರ ಜೊತೆಗೆ ಸಭಾಂಗಣದ ಮಹಿಳೆಯರ ಶೌಚಾಲಯದ ಬಾಗಿಲ ಒಳಬದಿಯಲ್ಲೂ ಅಂಟಿಸೋಣ. ಅಲ್ಲಿ ಆಕೆ ಯಾರ ಕಣ್ಣಿಗೂ ಬೀಳದೆ ಓದಬಹುದು.