ಬೀಳದ ಹೊಡೆತದ ಲೆಕ್ಕ



ಮಲಪ್ರಭೆಯ ಉಗಮಸ್ಥಾನವಾದ ನಮ್ಮ ಕಣಕುಂಬಿಯಲ್ಲಿ ಮಳೆಗಾಲವೆಂದರೆ ಮನೆಯೊಳಗೆ ಕುಳಿತು ಒಬ್ಬರ ಮುಖವನ್ನೊಬ್ಬರು ನೋಡುವ ಕಾಲ. ಈ ಸಲ ಹಾಗೆ ನೋಡುತ್ತಿರುವಾಗಲೇ ನಮ್ಮ ಭಾವನವರ ಮುಖವು ಕಳೆಗುಂದಿದುದು ನನ್ನ ಲಕ್ಷ್ಯಕ್ಕೆ ಬಂದಿತು. ಅವರಿಗೆ ಈಗ ಅರುವತ್ತೇಳು ವರ್ಷ. ಎರಡು ವರ್ಷಗಳ ಹಿಂದೆ ಬೆಳಗಾವಿಯಲ್ಲಿ ವೈದ್ಯರು ಅವರ ಎಡಹೆಗಲಿನ ಕೆಳಗೆ, ಚರ್ಮದೊಳಗೆ, ಒಂದು ಚಿಕ್ಕ ಯಂತ್ರವನ್ನಿಟ್ಟರು. ಹೃದಯದ ಗತಿಯು ಪ್ರಾಣಾಂತಿಕವಾಗಿ ಕೆಟ್ಟಾಗ ವಿದ್ಯುತ್ತಿನ ಹೊಡೆತವನ್ನು ಕೊಟ್ಟು ಅದನ್ನು ಹಾದಿಗೆ ತರುವ ಯಂತ್ರವದು, ಐ.ಸಿ.ಡಿ. ಎಂದು ಅದರ ಹೆಸರು. ನಿಧಾನವಾದ ಹೃದಯವನ್ನು ಮೆಲ್ಲಗೆ ಪ್ರೇರಿಸಿ ನಡೆಸುವ ಪೇಸ್‌ಮೇಕರ್ ಇದರ ಹಿರಿಯಣ್ಣನೆನ್ನಬಹುದು. 1958ರಲ್ಲಿ ಸ್ಟಾಕ್‌ಹೋಮ್ ನಗರದಲ್ಲಿ ಆರ್ನೆ ಲಾರ್ಸನ್ ಎಂಬವರ ದೇಹದೊಳಗೆ ಮೊದಲ ಪೇಸ್‌ಮೇಕರನ್ನಿಟ್ಟಾಗ ಅದು ಕೆಲವೇ ಗಂಟೆಗಳಲ್ಲಿ ನಿಂತುಹೋಯಿತು. ಆದರೂ ಯಂತ್ರದ ಮೇಲೆ ಯಂತ್ರವನ್ನು ಬದಲಿಸುತ್ತ ಆ ಪುಣ್ಯಾತ್ಮರು 2001ರ ವರೆಗೆ ಬಾಳಿದರು. ಹೊಡೆತ ಕೊಡುವ ಯಂತ್ರವು ಮಿಶೆಲ್ ಮಿರೋವ್ಸ್ಕಿಯವರ ಪ್ರಯತ್ನದ ಫಲ. 1980ರಲ್ಲಿ ಅಮೆರಿಕದ ಬಾಲ್ಟಿಮೋರಿನಲ್ಲಿ ಅದನ್ನು ಮೊದಲಬಾರಿಗೆ ಮನುಷ್ಯದೇಹದಲ್ಲಿಟ್ಟರು.

ಕಳೆದ ಚೈತ್ರದಲ್ಲಿ ಭಾವನವರಿಗೆ ಆ ಹೊಡೆತವು ಬಚ್ಚಲಮನೆಯಲ್ಲಿ ಬಿದ್ದಿತು. ಪ್ರಾಣವುಳಿಯಿತು. ಆದರೆ ಅಂದಿನಿಂದ ಅವರು ಬಚ್ಚಲಿನ ಅಗುಳಿ ಹಾಕುವುದನ್ನು ಬಿಟ್ಟರು, ಗದ್ದೆಯ ದಾರಿಯನ್ನು ಬಿಟ್ಟರು, ಮಾವುಲಿ ದೇವಿಯ ಗುಡಿಗೆ ಹೋಗುವುದನ್ನೂ ಬಿಟ್ಟರು. ಒಂದು ರಾತ್ರಿ ಮತ್ತೆ ಹೊಡೆಯಿತೆಂದು ಕೂಗಿ ಎದ್ದು ಕುಳಿತರು. ಬೆಳಗಾದೊಡನೆ ಜಾಂಬೋಟಿಯ ಮಾರ್ಗವಾಗಿ ಬೆಳಗಾವಿಗೆ ಕರೆದೊಯ್ದೆವು. ಯಂತ್ರವು ತಾನು ಕೊಟ್ಟ ಪ್ರತಿಯೊಂದು ಹೊಡೆತವನ್ನೂ ದಿನ, ವೇಳೆಗಳ ಸಹಿತ ದಾಖಲಿಸಿಟ್ಟುಕೊಳ್ಳುವುದು. ಅದನ್ನು ಓದಿಸಿ ನೋಡಿದರೆ ಆ ರಾತ್ರಿಯ ದಾಖಲೆಯೇ ಇಲ್ಲ! ಬೀಳದ ಹೊಡೆತವು ಬಿದ್ದಂತೆ ತೋರುವುದು ಇಂಥ ರೋಗಿಗಳಲ್ಲಿ ಹಲವರ ಅನುಭವವೆಂದೂ, ಅದನ್ನು ಸುಳ್ಳೆಂದು ಹಳಿಯಬಾರದೆಂದೂ ವೈದ್ಯರು ಹೇಳಿದರು.

ಚರಕಾಚಾರ್ಯರು ಚೇತನಕ್ಕೆ ಹೃದಯವೇ ಸ್ಥಾನವೆಂದಿರುವರು. ಇಂದಿನ ವೈದ್ಯರು ಅದನ್ನೊಪ್ಪುವುದಿಲ್ಲ. ಆದರೆ ಹೃದಯದ ರೋಗಿಯನ್ನು ಪರೀಕ್ಷಿಸುವಾಗ ಅವನ ಚಿತ್ತವನ್ನೂ ಅಳೆಯಬೇಕೆಂದು ಅವರೂ ಕಂಡುಕೊಂಡಿರುವರು. ಅಳೆಯುವುದೆಂತು? ಪ್ರಶ್ನೆಗಳಿಂದ. 1983ರಲ್ಲಿ ಜಿಗ್ಮಂಡ್ ಮತ್ತು ಸ್ನೇಥ್ ಎಂಬ ಇಬ್ಬರು ರಚಿಸಿದ ಪಟ್ಟಿಯೊಂದುಂಟು. ಅದರಲ್ಲಿ ಹದಿನಾಲ್ಕು ಪ್ರಶ್ನೆಗಳು. ಏಳು ಆತಂಕಕ್ಕೆ, ಏಳು ಖಿನ್ನತೆಗೆ. ಒಂದೊಂದು ಉತ್ತರಕ್ಕೂ ಸೊನ್ನೆಯಿಂದ ಮೂರರ ವರೆಗೆ ಅಂಕ. ಒಂದೊಂದು ಭಾಗದಲ್ಲಿ 21ಕ್ಕೆ 11 ಅಥವಾ ಅದಕ್ಕೂ ಮೇಲೆ ಬಂದರೆ ವೈದ್ಯರು ಎಚ್ಚರಗೊಳ್ಳುವರು. (ಅಂಕ ಕಡಿಮೆಯಾದಷ್ಟೂ ತೇರ್ಗಡೆಯಾಗುವ ಪರೀಕ್ಷೆಯನ್ನು ನಾನು ಇಲ್ಲಿಯೇ ಕಂಡದ್ದು.) ಇದರ ಜಾಣತನವೆಂದರೆ, ತಲೆಸುತ್ತು ತಲೆನೋವುಗಳಂಥ ದೇಹಲಕ್ಷಣಗಳನ್ನು ಬೇಕೆಂದೇ ಬಿಟ್ಟಿರುವುದು, ಅವು ಭಯದಿಂದ ಬಂದುವೋ ರೋಗದಿಂದ ಬಂದುವೋ ತಿಳಿಯಲಾಗದಷ್ಟೆ. ಈ ಯಂತ್ರದವರಿಗೆಂದೇ ಅಮೆರಿಕದ ಫ್ಲಾರಿಡಾ ಪ್ರಾಂತದಲ್ಲಿ ಮಾಡಿದ ಇನ್ನೊಂದು ಪಟ್ಟಿಯಲ್ಲಿ ಹತ್ತು ವಾಕ್ಯಗಳಿವೆ. ಹೊಡೆತದ ಭಯವೊಂದನ್ನೇ ಅದು ಅಳೆಯುವುದು. ಒಟ್ಟು ಅಂಕ 10ರಿಂದ 50.

ಬೆಳಗಾವಿಯಲ್ಲಿ ನಾವು ಹೋದ ಕಡೆ ಇಂಥದೇ ಒಂದು ಪಟ್ಟಿಯನ್ನು ತರುಣನೊಬ್ಬನು ಭಾವನವರಿಗೆ ಓದಿ ಹೇಳಿದನು. ಸುತ್ತಲೂ ಜನ. ಅವನಿಗೂ ಅವಸರ. "ಉದ್ವಿಗ್ನತೆಯನ್ನು ಅನುಭವಿಸುತ್ತಿದ್ದೀರಾ?" ಎಂದು ಕೇಳಿದನು. ಭಾವನವರು ನನ್ನ ಮುಖವನ್ನೂ ಅಕ್ಕನ ಮುಖವನ್ನೂ ನೋಡಿ, "ಏನೂ ಇಲ್ರಿ, ಆರಾಮ ಅದೇನ್ರಿ" ಎಂದರು. ಸೊನ್ನೆ ಬಿದ್ದಿತು. ಆ ಪದದ ಧಾತು, ಉಪಸರ್ಗಗಳನ್ನು ನಾನು ಮೂವತ್ತು ವರ್ಷ ಹುಡುಗರಿಗೆ ಬಾಯಿಪಾಠ ಮಾಡಿಸಿದವನು. ಆದರೆ ಮರಾಠಿ, ಕೊಂಕಣಿ, ಕನ್ನಡಗಳು ಕಲೆತ ನಮ್ಮ ಸೀಮೆಯಲ್ಲಿ ಯಾವ ಗೃಹಸ್ಥನೂ ಉದ್ವಿಗ್ನನಾದುದನ್ನು ಕಾಣೆನು. ಇಲ್ಲಿ ಎದೆ ಧಸಕ್ಕೆನ್ನುವುದು, ಅಷ್ಟೆ.

ಊರಿಗೆ ಬಂದ ಮೇಲೆ ಒಂದು ಸಂಜೆ, ಮನೆಯವರೆಲ್ಲ ಒಳಗಿದ್ದಾಗ, ನಾನೇ ಕೇಳಿದೆನು: "ಭಾವನವರ, ಎದಿ ಯಾವಾಗ ಧಸಕ್ ಅಂತೈತ್ರಿ?"

ಬಹಳ ಹೊತ್ತು ಸುಮ್ಮನಿದ್ದು ಹೇಳಿದರು: "ಮಾಸ್ತರ್ರ, ಕೂಸು ತೊಡಿ ಮ್ಯಾಲ ಬಂದು ಕುಂತಾಗ. ಆಗ ಹೊಡೀತಂದ್ರ ಅದಕ್ಕೂ ಹತ್ತೂದಿಲ್ಲೇನ್ರಿ?"

ನಾಲ್ಕು ತಿಂಗಳಿಂದ ಮೊಮ್ಮಗಳನ್ನು ಅವರು ಹತ್ತಿರ ಸೇರಿಸದಿದ್ದುದಕ್ಕೆ ಸೊಸೆಯು ಬೇರೆಯೇ ಕಾರಣವನ್ನು ಕಲ್ಪಿಸಿಕೊಂಡು ಒಳಗೊಳಗೇ ಅಳುತ್ತಿದ್ದಳು. ಮರುದಿನ ವೈದ್ಯರನ್ನು ಫೋನಿನಲ್ಲಿ ಕೇಳಿದೆವು. ಹೊಡೆತದ ವೇಳೆ ಮುಟ್ಟಿಕೊಂಡಿದ್ದವರಿಗೆ ತುಸು ಜುಮ್ಮೆನ್ನಬಹುದೇ ಹೊರತು ಅಪಾಯವಿಲ್ಲವೆಂದರು. ಜೊತೆಗೆ ಒಂದು ಕಟ್ಟಳೆಯನ್ನೂ ಬರೆಸಿದರು: ಒಂದೇ ಹೊಡೆತ ಬಿದ್ದು ಮೈ ನೆಟ್ಟಗಿದ್ದರೆ ಫೋನು ಮಾಡತಕ್ಕುದು, ಒಂದೇ ದಿನದಲ್ಲಿ ಎರಡು ಬಿದ್ದರೆ, ಇಲ್ಲವೆ ಮೈ ನೆಟ್ಟಗಿಲ್ಲದಿದ್ದರೆ, ಕೂಡಲೇ ಆಸ್ಪತ್ರೆಗೆ ಹೊರಡತಕ್ಕುದು. ಅದನ್ನು ದೊಡ್ಡಕ್ಷರದಲ್ಲಿ ಬರೆದು ಪಡಸಾಲೆಯ ಗೋಡೆಗೆ ಅಂಟಿಸಿರುವೆನು.

ನಾನು ಮಾಡಿದುದು ಅಳತೆಯೆಂದು ಯಾರೂ ಭ್ರಮಿಸಬಾರದು. ಪಟ್ಟಿಯ ಮಾತುಗಳನ್ನು ಮನಬಂದಂತೆ ತಿರುಚಿದರೆ ಅದರ ಅಂಕಗಳಿಗೆ ಬೆಲೆಯಿಲ್ಲ. ಬಲ್ಲವರು ಮೊದಲು ಭಾಷಾಂತರಿಸಿ, ಅದನ್ನು ಇನ್ನೊಬ್ಬರಿಂದ ಮೂಲಭಾಷೆಗೆ ಮರಳಿ ತಿರುಗಿಸಿ ತಾಳೆನೋಡಿ, ಆ ಬಳಿಕ ಅನೇಕ ರೋಗಿಗಳಲ್ಲಿ ಪರೀಕ್ಷಿಸುವರು. ಆ ಕೆಲಸದಲ್ಲಿ ತೊಡಗಿದವರು ನಮ್ಮ ಸೀಮೆಯ ಜಗುಲಿಗಳಲ್ಲಿಯೂ ಸ್ವಲ್ಪ ಕುಳಿತು ಕೇಳಿದರೆ ಲೇಸು; ಕೇಳುವಾಗ ಮನೆಯವರನ್ನು ತುಸು ಹೊರಗೆ ಕಳುಹಿಸಿದರೆ ಇನ್ನೂ ಲೇಸು.

ಬರುವ ತಿಂಗಳು ಮತ್ತೆ ತಪಾಸಣೆಯುಂಟು. ಈ ಬಾರಿ ಸೊನ್ನೆ ಬಾರದಿರಲೆಂದು ನಾನು ಹಾರೈಸುತ್ತಿರುವೆನು. ಕೂಸು ಈಗ ತೊಡೆಯ ಮೇಲೆ ಕೂಡುವುದು. ಬಚ್ಚಲಿನ ಅಗುಳಿ ಮಾತ್ರ ಇನ್ನೂ ತೆರೆದೇ ಇದೆ.