ನಡುಕ ನಿಂತ ಮೇಲೆ ತಾತ ಬದಲಾದರೆ

ಮಂಡ್ಯ, ಮದ್ದೂರು, ಮಳವಳ್ಳಿ ಕಡೆಯ ಹುಡುಗರಿಗೆ ನಸುಗುನ್ನಿ ಕಾಯಿಯ ತುರಿಕೆ ಗೊತ್ತು. ಅದರ ಬೀಜದಲ್ಲಿ ಲೆವೊಡೋಪಾ ಇದೆ. ಕೈಕಾಲು ನಡುಗಿಸುವ ಪಾರ್ಕಿನ್ಸನ್ ಕಾಯಿಲೆಗೆ ಇಂದಿಗೂ ಮುಖ್ಯ ಔಷಧ ಅದೇ. ಹಾಗೆಂದು ಬೀಜ ಅರೆದು ಕುಡಿಸಬೇಡಿ, ಪ್ರಮಾಣ ತಪ್ಪೀತು!

ವರ್ಷ ಕಳೆದಂತೆ ಮಾತ್ರೆಯ ಪರಿಣಾಮ ಏರುಪೇರಾದಾಗ, ಕೆಲವರಿಗೆ ಬೆಂಗಳೂರಿನ ನಿಮ್ಹಾನ್ಸ್‌ನಂಥ ಆಸ್ಪತ್ರೆಗಳಲ್ಲಿ ಮಿದುಳಿನ ಆಳಕ್ಕೆ ತೆಳು ತಂತಿ ಇಳಿಸಿ, ಎದೆಯ ಚರ್ಮದಡಿ ಬ್ಯಾಟರಿ ಕೂರಿಸುತ್ತಾರೆ. 1987ರಲ್ಲಿ ಫ್ರಾನ್ಸಿನ ವೈದ್ಯ ಬೆನಬಿಡ್ ತೋರಿದ ದಾರಿ ಇದು. ನಡುಕ ತಗ್ಗುತ್ತದೆ. ಆದರೆ ತಂತಿಯ ತುದಿ ಸಾಮಾನ್ಯವಾಗಿ ತಲುಪುವ ಜಾಗ ಅವರೆಕಾಳಿನಷ್ಟು ಚಿಕ್ಕದು. ಚಲನೆಯ ಜೊತೆಗೆ ಭಾವನೆಗೂ ಅದರ ನಂಟಿದೆ. ಕೆಲವರು ಅತಿ ಗೆಲುವಾಗಿ ದುಡ್ಡು ಚೆಲ್ಲುತ್ತಾರೆ, ಸಿಡುಕುತ್ತಾರೆ. ಮಾತ್ರೆ ತೀರಾ ತಗ್ಗಿಸಿದಾಗ ಕೆಲವರು ಯಾವುದೂ ಬೇಡವೆಂದು ಮೂಲೆ ಹಿಡಿಯುವುದುಂಟು. ಕೆಲವರಿಗೆ ಮಾತಾಡುವಾಗ ಪದಗಳು ತಟ್ಟನೆ ಸಿಗುವುದಿಲ್ಲ.

ಇದು ಹೆಚ್ಚಾಗಿ ಕಣ್ಣಿಗೆ ಬೀಳುವುದು ಮನೆಯವರಿಗೇ, ಪಕ್ಕದಲ್ಲೇ ಕೂತು ಓದುವ ಮೊಮ್ಮಕ್ಕಳಿಗಂತೂ ಬೇಗ. ‘ವಯಸ್ಸಾದ ಮೇಲೆ ಕೊಬ್ಬು’ ಎಂದು ದೊಡ್ಡವರು ಜಗಳಕ್ಕಿಳಿಯುವ ಮುನ್ನ, ಕಂಡದ್ದನ್ನು ತಾರೀಖಿನ ಸಮೇತ ನೋಟ್‌ಬುಕ್ಕಿನಲ್ಲಿ ಬರೆದು ವೈದ್ಯರಿಗೆ ತೋರಿಸಿ. ಮಾತ್ರೆ ಬದಲಿಸಿ, ವಿದ್ಯುತ್ತಿನ ಪ್ರಮಾಣವನ್ನು ಹೊರಗಿನಿಂದಲೇ ಹೊಂದಿಸಿ ಅವರು ಎಷ್ಟೋ ಸರಿಪಡಿಸಬಲ್ಲರು. ತಾತ ಸಾಯುವ ಮಾತಾಡಿದರೆ ಮಾತ್ರ ಮುಂದಿನ ತಪಾಸಣೆಗೆ ಕಾಯದೆ ಅಂದೇ ಕರೆದೊಯ್ಯಿರಿ.