ಆಕಿ ಚಾಂಪಿಯನ್, ನಾ ಹುಚ್ಚ: ಯಾಕ?

ನಮ್ಮ ಕ್ಲಾಸಿನ ಗೆಳೆಯನೊಬ್ಬ ಮೂರು ತಿಂಗಳ ನಂತರ ಮೊನ್ನೆ ಕಾಲೇಜಿಗೆ ಬಂದ, ಊರುಗೋಲು ಹಿಡಕೊಂಡು. ಹೆಸರು ಹಾಕಬ್ಯಾಡ್ರಿ ಅಂದಿದ್ದಾನೆ, ಹಾಕುವುದಿಲ್ಲ. ಕುಷ್ಟಗಿ ಕಡೆಯ ಹೆದ್ದಾರಿಯಲ್ಲಿ ರಾತ್ರಿ ಹನ್ನೊಂದರ ಮೇಲೆ ಇಬ್ಬರು ಪಂದ್ಯ ಕಟ್ಟಿ ಬೈಕ್ ಓಡಿಸಿದ್ದರು. ಇವನ ಗಾಡಿ ಡಿವೈಡರಿಗೆ ಬಡಿಯಿತು. ಕ್ಯಾಂಟೀನಿನಲ್ಲಿ ಒಗ್ಗರಣಿ-ಮಿರ್ಚಿ ಮುಂದಿಟ್ಟುಕೊಂಡು ನಾವೆಲ್ಲ ಒಬ್ಬೊಬ್ಬರಾಗಿ ಬುದ್ಧಿ ಹೇಳಲು ಶುರು ಮಾಡಿದೆವು. ಎಲ್ಲಾ ಕೇಳಿಸಿಕೊಂಡು ಅವನು ಒಂದೇ ಮಾತು ಅಂದ: "ಐಶ್ವರ್ಯಾ ಪಿಸ್ಸೇನೂ ಬಿದ್ದಾಳಲ್ಲೋ. ಆಕಿಗೆ ಚಾಂಪಿಯನ್ ಅಂತೀರಿ, ನನಗ ಹುಚ್ಚ ಅಂತೀರಿ. ಯಾಕ?"

ಮಿರ್ಚಿ ಆರಿತು, ಉತ್ತರ ಮಾತ್ರ ಬರಲಿಲ್ಲ. ಆಮೇಲೆ ಹಾಸ್ಟೆಲ್ಲಿನಲ್ಲಿ ಎರಡು ರಾತ್ರಿ ಜಗಳಾಡಿದೆವು. ಅಲ್ಲಿ ಮುಟ್ಟಿದ ತೀರ್ಮಾನ ಇದು. ಮೊದಲೇ ಹೇಳಿಬಿಡುತ್ತೇವೆ, ಅವನ ಪ್ರಶ್ನೆ ಅರ್ಧ ಸರಿ ಇದೆ.

ಐಶ್ವರ್ಯಾ ಪಿಸ್ಸೆ ಬೆಂಗಳೂರಿನವರು, 1995ರಲ್ಲಿ ಹುಟ್ಟಿದವರು. ವಾರದ ಕೊನೆಗೆ ಬೈಕ್ ತಗೊಂಡು ಊರಾಚೆ ಸುತ್ತುವುದರಿಂದ ಅವರದೂ ಶುರುವಾದದ್ದು, ಥೇಟ್ ನಮ್ಮ ಹುಡುಗರ ಹಾಗೆ. ಆಮೇಲೆ ರೇಸಿಂಗ್ ತರಬೇತಿ ಪಡೆದರು, ಟಿವಿಎಸ್ ರೇಸಿಂಗ್ ತಂಡ ಸೇರಿದರು. ಡಾಂಬರು ಟ್ರ್ಯಾಕಿನ ರೇಸು, ಮಣ್ಣಿನ ರ‍್ಯಾಲಿ ಎರಡರಲ್ಲೂ ರಾಷ್ಟ್ರೀಯ ಪ್ರಶಸ್ತಿ ಗೆದ್ದರು. 2017ರಲ್ಲಿ ರೇಡ್ ಡಿ ಹಿಮಾಲಯ ರ‍್ಯಾಲಿಯಲ್ಲಿ ಬಿದ್ದು ಕಾಲರ್‌ಬೋನ್ ಮುರಿಯಿತು, ಒಳಗೆ ಪ್ಲೇಟ್ ಕೂಡಿಸಬೇಕಾಯಿತು. ಮರುವರ್ಷ ಸ್ಪೇನ್ ದೇಶದ ಬಾಹಾ ಅರಗಾನ್‌ನಲ್ಲಿ ಇನ್ನೂ ಕೆಟ್ಟದಾಗಿ ಬಿದ್ದರು. ಈ ಸಲ ಪೆಟ್ಟು ಮೇದೋಜೀರಕಕ್ಕೆ. ನಮ್ಮ ಬಯಾಲಜಿ ಎಸ್ಸೆಸ್ಸೆಲ್ಸಿಗೇ ಮುಗಿದಿದೆ, ಆದರೂ ಹೊಟ್ಟೆಯೊಳಗಿನ ಆ ಅಂಗ ಒಡೆದರೆ ಜೀವಕ್ಕೇ ಅಪಾಯ ಅನ್ನುವಷ್ಟು ನಮಗೂ ಗೊತ್ತು.

2019ರಲ್ಲಿ ಅವರು ಮತ್ತೆ ಗಾಡಿ ಏರಿದರು. ಆ ವರ್ಷದ ಲೆಕ್ಕವನ್ನು ನಾವು ಹಾಸ್ಟೆಲ್ ಗೋಡೆಯ ಮೇಲೆ ಪೆನ್ಸಿಲಿನಿಂದ ಬರೆದಿದ್ದೇವೆ. ದುಬೈ ಸುತ್ತಿನಲ್ಲಿ ಮೊದಲ ಸ್ಥಾನ. ಪೋರ್ಚುಗಲ್‌ನಲ್ಲಿ ಮೂರನೆಯದು. ಹಿಂದಿನ ವರ್ಷ ಬಿದ್ದಿದ್ದ ಅದೇ ಸ್ಪೇನ್‌ನಲ್ಲಿ ಐದನೆಯದು. ಆಗಸ್ಟ್‌ನಲ್ಲಿ ಹಂಗೇರಿಯ ಕೊನೆಯ ಸುತ್ತಿನಲ್ಲಿ ನಾಲ್ಕನೆಯದು. ಕೂಡಿಸಿದರೆ 65 ಅಂಕ. ಎರಡನೆಯ ಸ್ಥಾನದ ಪೋರ್ಚುಗಲ್ ಸವಾರಳಿಗೆ 61. ನಾಲ್ಕೇ ಅಂಕದ ಅಂತರದಲ್ಲಿ ಎಫ್‌ಐಎಂ ಬಾಹಾ ವಿಶ್ವಕಪ್‌ನ ಮಹಿಳಾ ವಿಭಾಗ ಅವರದಾಯಿತು. ಮೋಟರ್ ಕ್ರೀಡೆಯಲ್ಲಿ ವಿಶ್ವ ಪ್ರಶಸ್ತಿ ಗೆದ್ದ ಮೊದಲ ಭಾರತೀಯ ವ್ಯಕ್ತಿ, ಇಪ್ಪತ್ತಮೂರರ ಒಬ್ಬ ಕನ್ನಡನಾಡಿನ ಹುಡುಗಿ!

ನೋಡಿ, ನಾಲ್ಕು ಸುತ್ತಿನಲ್ಲಿ ಗೆದ್ದದ್ದು ಒಂದೇ. ಉಳಿದ ಮೂರರಲ್ಲಿ ಗಾಡಿಯನ್ನು ಕೊನೆ ಮುಟ್ಟಿಸಿ ಅಂಕ ತಂದರು. ವಿಟಿಯು ಹುಡುಗರಾದ ನಮಗೆ ಇದು ಬೇಗ ತಿಳಿಯಬೇಕು: ಒಂದು ಇಂಟರ್ನಲ್ಸ್‌ನಲ್ಲಿ ಔಟ್ ಆಫ್ ಔಟ್ ತೆಗೆದು ಮುಂದಿನದಕ್ಕೆ ಚಕ್ಕರ್ ಹೊಡೆದವನಿಗಿಂತ ಎಲ್ಲಾ ಟೆಸ್ಟ್ ಬರೆದವನೇ ಪಾಸ್ ಆಗೋದು. ಇನ್ನೊಂದು, ಬಾಹಾ ಬರೀ ಸ್ಪೀಡಿನ ಆಟವಲ್ಲ. ಗೊತ್ತಿಲ್ಲದ ಮರಳು, ಕಲ್ಲು, ಹಳ್ಳದ ದಾರಿ. ಹ್ಯಾಂಡಲ್ ಮೇಲೆ ರೋಡ್‌ಬುಕ್ ಅಂತ ಚಿತ್ರ-ಸಂಕೇತಗಳ ಒಂದು ಸುರುಳಿ. ಓಡಿಸುತ್ತಲೇ ಓದಬೇಕು. ಎಲ್ಲಿ ಆಕ್ಸಿಲರೇಟರ್ ಬಿಡಬೇಕು ಅನ್ನುವುದು ಗೊತ್ತಿಲ್ಲದವರಿಗೆ ಅಲ್ಲಿ ಕೆಲಸವಿಲ್ಲ. ನಮ್ಮ ಗೆಳೆಯನ ಆ ರಾತ್ರಿಯ ರೋಡ್‌ಬುಕ್ಕಿನಲ್ಲಿ ದಾರಿಗಡ್ಡ ನಿಂತ ಕಬ್ಬಿನ ಟ್ರ್ಯಾಕ್ಟರ್ ಇರಲಿಲ್ಲ.

ಆದರೆ ಧೈರ್ಯದ ವಿಷಯದಲ್ಲಿ ಇಬ್ಬರ ನಡುವೆ ಏನು ವ್ಯತ್ಯಾಸ? ನಮಗೆ ಕಂಡದ್ದು, ಏನೂ ಇಲ್ಲ. ಅವನಿಗೂ ಭಯವಿಲ್ಲ, ಇವರಿಗೂ ಇಲ್ಲ. ವ್ಯತ್ಯಾಸ ಇರುವುದು ಬಿದ್ದ ಮೇಲೆ. ಬೆಂಗಳೂರಿನವರೇ ಆದ ಸಿ.ಎಸ್. ಸಂತೋಷ್ 2015ರಲ್ಲಿ ಡಕಾರ್ ರ‍್ಯಾಲಿ ಮುಗಿಸಿದ ಮೊದಲ ಭಾರತೀಯ, 36ನೇ ಸ್ಥಾನ. 2021ರ ಜನವರಿಯಲ್ಲಿ ಸೌದಿ ಮರುಭೂಮಿಯಲ್ಲಿ ಬಿದ್ದು ತಲೆಗೆ ಪೆಟ್ಟಾಯಿತು. ಹೆಲಿಕಾಪ್ಟರ್ ಬಂತು, ರಿಯಾದ್‌ನ ಆಸ್ಪತ್ರೆಗೆ ಒಯ್ದರು, ಔಷಧಿಯಿಂದ ಕೋಮಾದಲ್ಲಿಟ್ಟು ಉಳಿಸಿಕೊಂಡರು. ಅಷ್ಟು ದೂರದ ಮರಳಿನಲ್ಲಿ ಬಿದ್ದವನಿಗೂ ವೈದ್ಯರು ಸಿಕ್ಕರು. ನಮ್ಮ ಗೆಳೆಯ ನಲವತ್ತು ನಿಮಿಷ ಡಿವೈಡರ್ ಪಕ್ಕ ಬಿದ್ದಿದ್ದ. ಜೊತೆಗೆ ಪಂದ್ಯ ಕಟ್ಟಿದವನು ಹೆದರಿ ಓಡಿಹೋಗಿದ್ದ. ಎತ್ತಿ ತಂದದ್ದು ದಾಳಿಂಬೆ ಕ್ರೇಟ್ ಹೇರಿಕೊಂಡು ಹೊರಟಿದ್ದ ಒಬ್ಬ ಟೆಂಪೋದವನು.

ಟ್ರ್ಯಾಕಿನಲ್ಲಿ ಸಾವೇ ಇಲ್ಲ ಅಂತ ನಾವು ಸುಳ್ಳು ಹೇಳುವುದಿಲ್ಲ. 2023ರ ಆಗಸ್ಟ್‌ನಲ್ಲಿ ಚೆನ್ನೈ ಬಳಿಯ ಟ್ರ್ಯಾಕಿನಲ್ಲಿ ಬೆಂಗಳೂರಿನ ಹದಿಮೂರು ವರ್ಷದ ಸವಾರ ತೀರಿಕೊಂಡ. ಅದನ್ನು ಓದಿದ ದಿನ ನಮ್ಮ ತಾಯಂದಿರ ಮುಖ ನೆನಪಾಗಿ ಗಾಡಿ ಕೀ ಮುಟ್ಟಲು ಮನಸ್ಸಾಗಲಿಲ್ಲ. ಹೆಲ್ಮೆಟ್, ಜಾಕೆಟ್, ಮಾರ್ಷಲ್, ಆಂಬುಲೆನ್ಸ್ ಎಲ್ಲಾ ಇದ್ದೂ ಹೋಗುವ ಜೀವ ಇದೆ ಅಂದರೆ, ಇದ್ಯಾವುದೂ ಇಲ್ಲದ ರಸ್ತೆಯಲ್ಲಿ ನಾವು ಯಾವ ಲೆಕ್ಕದ ಮೇಲೆ ಆಡುತ್ತಿದ್ದೇವೆ? ಲೆಕ್ಕ ನಮಗೇ ಬರಬೇಕಲ್ಲ, ಇಂಜಿನಿಯರಿಂಗ್ ಓದುವವರಿಗೆ. ಗಂಟೆಗೆ 120 ಕಿ.ಮೀ. ಅಂದರೆ ಸೆಕೆಂಡಿಗೆ 33 ಮೀಟರ್. ಬ್ರೇಕ್ ಹಿಡಿಯಬೇಕು ಅಂತ ಮಿದುಳಿಗೆ ಹೊಳೆದು ಕೈ ಅಲುಗುವ ಒಂದು ಸೆಕೆಂಡಿನಲ್ಲೇ 33 ಮೀಟರ್ ಹೋಯಿತು. 60ರ ವೇಗಕ್ಕಿಂತ ಶಕ್ತಿ ನಾಲ್ಕು ಪಟ್ಟು. ಪರೀಕ್ಷೆಯಲ್ಲಿ ಎರಡು ಮಾರ್ಕ್ಸಿಗೆ ಬರೆದು ಬಿಟ್ಟುಬಂದದ್ದು ಇದೇ.

ಇನ್ನು ಅವನ ಪ್ರಶ್ನೆಯಲ್ಲಿ ಸರಿ ಇರುವ ಅರ್ಧ. ಓಟದ ಹುಚ್ಚು ನಮ್ಮ ಸೀಮೆಗೆ ಹೊಸದಲ್ಲ. ಕಾರಹುಣ್ಣಿವಿಗೆ ಎತ್ತು ಓಡಿಸಿ ಕರಿ ಹರಿಯುತ್ತೇವೆ, ಗೆದ್ದ ಎತ್ತಿನ ಬಣ್ಣ ನೋಡಿ ಹಿರಿಯರು ಆ ವರ್ಷದ ಬೆಳೆ ಹೇಳುತ್ತಾರೆ. ತೆರಬಂಡಿ ಸ್ಪರ್ಧೆಗೆ ಊರಿಗೆ ಊರೇ ಕೂಡುತ್ತದೆ. ಈಚೆಗೆ ಜಾತ್ರೆಗಳಲ್ಲಿ ಟ್ರ್ಯಾಕ್ಟರನ್ನು ಟ್ರೇಲರ್ ಸಮೇತ ಹಿಂದಕ್ಕೆ ಓಡಿಸುವ ಪಂದ್ಯ ಬಂದಿದೆ. ಟ್ರೇಲರನ್ನು ನೆಟ್ಟಗೆ ರಿವರ್ಸ್ ಒಯ್ಯುವುದು ಎಷ್ಟು ಕಷ್ಟ ಅಂತ ಮಾಡಿದವನಿಗೇ ಗೊತ್ತು. ಯಲಬುರ್ಗಾ ಕಡೆಯ ನಮ್ಮ ಗೆಳೆಯರು ಇದನ್ನು ಒಂದೇ ಕೈಯಲ್ಲಿ ಮಾಡುತ್ತಾರೆ. ಕೌಶಲ ಇದೆ. ಗಿಣಿಗೇರಾ ಹತ್ತಿರ ಬೇವಿನಹಳ್ಳಿಯ ಕಿರ್ಲೋಸ್ಕರ್ ಫೆರಸ್‌ನಲ್ಲಿ ಇಂಜಿನ್ ಸಿಲಿಂಡರ್ ಬ್ಲಾಕುಗಳ ಎರಕವೂ ಆಗುತ್ತದೆ. ಆದರೆ ಒಬ್ಬ ಹುಡುಗ ಹೋಗಿ "ನನಗ ರೇಸ್ ಕಲಿಬೇಕು" ಅಂತ ಕೇಳುವ ಬಾಗಿಲು ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಎಲ್ಲೂ ನಮಗೆ ಕಂಡಿಲ್ಲ. ಬೆಂಗಳೂರಿನ ಸವಾರರೇ ರೇಸಿಗೆ ಚೆನ್ನೈ, ಕೊಯಮತ್ತೂರು ಅಂತ ಹೋಗುತ್ತಾರೆ. ಕಾರ್ ರೇಸಿನಲ್ಲಿ ಹೆಸರು ಮಾಡಿದ ಮೈನಿ ಸಹೋದರರ ಮನೆತನ ರೇವಾ ಎಲೆಕ್ಟ್ರಿಕ್ ಕಾರು ಮಾಡಿದ್ದು. ನಮ್ಮಪ್ಪಂದಿರದು ನಾಲ್ಕು ಎಕರೆ ಮಳೆ ನಂಬಿದ ಹೊಲ.

ಹಾಗಂತ ಬಡವರ ಮಕ್ಕಳಿಗೆ ಈ ಆಟ ಆಗಲ್ಲ ಅನ್ನುವವರಿಗೆ ಮಾರಿಯೋ ಆಂಡ್ರೆಟ್ಟಿ ಕತೆ ಹೇಳಬೇಕು. ಇಟಲಿಯ ನಿರಾಶ್ರಿತರ ಶಿಬಿರದಲ್ಲಿ ಬೆಳೆದು 1955ರಲ್ಲಿ ಅಮೆರಿಕದ ನಜರೆತ್ ಅನ್ನುವ ಸಣ್ಣ ಊರಿಗೆ ಬಂದ ಹುಡುಗ. ಊರಲ್ಲೊಂದು ಅರ್ಧ ಮೈಲಿಯ ಮಣ್ಣಿನ ಟ್ರ್ಯಾಕ್ ಇತ್ತು. ಅವಳಿ ತಮ್ಮ ಆಲ್ಡೋ ಜೊತೆ ಸೇರಿ ಹಳೆ ಹಡ್ಸನ್ ಕಾರೊಂದನ್ನು ರಿಪೇರಿ ಮಾಡಿ 1959ರಲ್ಲಿ ಅಲ್ಲೇ ಓಡಿಸಿದರು. ಅದೇ ವರ್ಷ ಇನ್ನೊಂದು ರೇಸಿನಲ್ಲಿ ಆಲ್ಡೋ ಬಿದ್ದು ಕೋಮಾಕ್ಕೆ ಹೋಗಿ ಬಂದ. ಮಾರಿಯೋ ಮುಂದೆ 1969ರಲ್ಲಿ ಇಂಡಿಯಾನಾಪೊಲಿಸ್ 500 ಗೆದ್ದ, 1978ರಲ್ಲಿ ಫಾರ್ಮುಲಾ ಒನ್ ವಿಶ್ವ ಚಾಂಪಿಯನ್ ಆದ. ನಮಗೆ ಇದರಲ್ಲಿ ಮುಖ್ಯ ಅನ್ನಿಸಿದ್ದು ಆ ಮಣ್ಣಿನ ಟ್ರ್ಯಾಕು. ಅದು ಊರಲ್ಲಿ ಇಲ್ಲದಿದ್ದರೆ ಆ ಇಬ್ಬರೂ ಹೆದ್ದಾರಿಗೇ ಇಳಿಯುತ್ತಿದ್ದರೋ ಏನೋ.

ನಮ್ಮ ಬೇಡಿಕೆ ದೊಡ್ಡದಲ್ಲ. ಬುದ್ಧ ಸರ್ಕ್ಯೂಟ್ ಯಾರೂ ಕೇಳುತ್ತಿಲ್ಲ. ಬಾಹಾಕ್ಕೆ, ಮೋಟೊಕ್ರಾಸ್‌ಗೆ ಡಾಂಬರೇ ಬೇಡ. ಯಲಬುರ್ಗಾದ ಎರಿ ನೆಲ ಮಳೆಗೆ ಕೆಸರಾದೀತು, ಆದರೆ ಕುಷ್ಟಗಿಯ ಮಸಾರಿ ನೆಲಕ್ಕೆ ನಾಲ್ಕು ದಿಬ್ಬ ಹಾಕಿ, ಸುತ್ತ ಹಳೆ ಟೈರ್ ಜೋಡಿಸಿ, ಒಂದು ಆಂಬುಲೆನ್ಸ್ ನಿಲ್ಲಿಸಿದರೆ ತಿಂಗಳಿಗೊಂದು ಭಾನುವಾರಕ್ಕೆ ಸಾಕು. ಕಾನೂನು ಬಿಡಲ್ಲ ಅಂತ ಕೆಲವರು ಅಂದರು. ಮೋಟಾರು ವಾಹನ ಕಾಯ್ದೆಯ 189ನೇ ಕಲಮು ತೆಗೆದು ನೋಡಿದೆವು. ರಸ್ತೆ ರೇಸಿಗೆ ಮೊದಲ ಸಲ ಮೂರು ತಿಂಗಳವರೆಗೆ ಜೈಲು ಅಥವಾ ಐದು ಸಾವಿರದವರೆಗೆ ದಂಡ, ಇಲ್ಲಾ ಎರಡೂ. ಆದರೆ ಅದೇ ಕಲಮಿನಲ್ಲಿ ರಾಜ್ಯ ಸರ್ಕಾರದ ಲಿಖಿತ ಒಪ್ಪಿಗೆ ಇಲ್ಲದೆ ಅನ್ನುವ ಮಾತೂ ಇದೆ. ಕಾನೂನು ಬಾಗಿಲು ಪೂರಾ ಹಾಕಿಲ್ಲ, ತಟ್ಟುವವರು ಬೇಕು. ಸಹಿ ಸಂಗ್ರಹಿಸಿ ಜಿಲ್ಲಾಧಿಕಾರಿಗಳಿಗೆ ಮನವಿ ಕೊಡುವುದು ಅಂತ ಠರಾವು ಮಾಡಿದ್ದೇವೆ.

ಅಲ್ಲಿಯವರೆಗೆ ನಮ್ಮ ಕೈಯಲ್ಲಿ ಎರಡು ಕೆಲಸ ಇವೆ. ಹೆದ್ದಾರಿಯ ವ್ಹೀಲಿ ರೀಲ್ಸ್‌ಗೆ ಲೈಕ್ ಒತ್ತುವುದನ್ನು ನಾವು ನಿಲ್ಲಿಸಿದ್ದೇವೆ. ಗೆಳೆಯ ಬೀಳುವ ಹಿಂದಿನ ವಾರದ ವಿಡಿಯೋಕ್ಕೆ ಬೆಂಕಿ ಚಿಹ್ನೆ ಹಾಕಿದವರಲ್ಲಿ ಈ ಲೇಖನ ಬರೆಯುತ್ತಿರುವ ನಾವೂ ಇದ್ದೆವು, ಮುಚ್ಚಿಡುವುದಿಲ್ಲ. ಎರಡನೆಯದು ಬಾಹಾ ಎಸ್‌ಎಇ ಇಂಡಿಯಾ. 2007ರಿಂದ ನಡೆದು ಬಂದಿರುವ ಸ್ಪರ್ಧೆ, ವಿದ್ಯಾರ್ಥಿಗಳೇ ಒಂದು ಸೀಟಿನ ಮಣ್ಣುದಾರಿ ಗಾಡಿ ಕಟ್ಟಿ ಓಡಿಸಬೇಕು. ರೋಲ್ ಕೇಜ್, ಸೀಟ್ ಬೆಲ್ಟ್, ಇಂಜಿನ್ ಬಂದ್ ಮಾಡುವ ಸ್ವಿಚ್, ಬ್ರೇಕ್ ಹಿಡಿದರೆ ನಾಲ್ಕೂ ಗಾಲಿ ಲಾಕ್ ಆಗಬೇಕು. ಈ ತಪಾಸಣೆ ದಾಟದೆ ಗಾಡಿಯನ್ನು ಟ್ರ್ಯಾಕಿಗೇ ಬಿಡುವುದಿಲ್ಲ. ನಮ್ಮ ಹುಡುಗರಿಗೆ ಬೇಕಾದ ಪಾಠ ಎಲ್ಲಾ ಅದರಲ್ಲೇ ಇದೆ ಅನ್ನಿಸಿತು.

ಇದಿಷ್ಟನ್ನೂ ಗೆಳೆಯನಿಗೆ ಓದಿ ತೋರಿಸಿದೆವು. "ಅರ್ಧ ಸರಿ ಅಂದ್ರೆಲ್ಲ, ಸಾಕ್ ಬಿಡ್ರಲೇ" ಅಂದ. ಊರುಗೋಲು ಗೋಡೆಗೆ ಆನಿಸಿ, ಚಾಸಿ ಪೈಪಿನ ಅಳತೆ ಬರೆದ ಚೀಟಿ ಕೇಳಿದ. ಒಂದು ಕಡೆ ಕೂಡಿಸಿದ್ದು ತಪ್ಪಿದೆ ಅಂತ ತೋರಿಸಿಯೂ ಕೊಟ್ಟ. ಅವನ ಮೊಣಕಾಲು ಇನ್ನೂ ಪೂರಾ ಬಗ್ಗುವುದಿಲ್ಲ, ಹಂಗಾಗಿ ಸೀಟಿನಲ್ಲಿ ಕೂಡುವವರನ್ನು ಬೇರೆ ಹುಡುಕಬೇಕು. ಹುಡುಗಿಯರೂ ಹೆಸರು ಕೊಡಿ. ಸೋಮವಾರ ಸಂಜೆ ನಾಲ್ಕೂವರೆಗೆ ವರ್ಕ್‌ಶಾಪಿನಲ್ಲಿ ಇರುತ್ತೇವೆ, ಬರುವವರು ಶೂ ಹಾಕ್ಕೊಂಡು ಬರ್ರಿ.